ತಾರಸಿಯ ಬಿಸಿಲಿಗೆ ಇಬ್ಬರು ವಾರಸುದಾರರು

ನಮ್ಮ ಭಾವನಂಥ ಸೂರ್ಯಭಕ್ತರು ಕೊಪ್ಪ ಸೀಮೆಯಲ್ಲೇ ಇಲ್ಲ! ದಿನಕ್ಕೆ ಹತ್ತು ಸಲ ಅಂಗಳಕ್ಕಿಳಿದು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾರೆ. ಅರ್ಘ್ಯ ಕೊಡುವುದಕ್ಕೆ ಅಂದುಕೊಂಡಿರಾ? ಇವತ್ತು ಎಷ್ಟು ಯೂನಿಟ್ ಕರೆಂಟ್ ಕೊಡುತ್ತೀಯಪ್ಪಾ ಎಂದು ವಿಚಾರಿಸುವುದಕ್ಕೆ!

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಒಂದೇ ಮನೆ, ಒಂದೇ ಒಲೆ. ಜಗತ್ತಿನ ಪೆಟ್ರೋಲೆಲ್ಲ ಮುಗಿದ ದಿನವೂ ನಮ್ಮೂರು ಭಂಡಿಗಡಿ ಮಾತ್ರ ನಿಶ್ಚಿಂತೆಯಿಂದ ಇರಬೇಕು ಎನ್ನುವುದು ಅವರ ಸಂಕಲ್ಪ.

ಮೊದಲು ಹಿಡಿದದ್ದು ಗೋಬರ್ ಗ್ಯಾಸ್. ಅದಕ್ಕೆಂದೇ ನರಸಿಂಹರಾಜಪುರದ ಕಡೆ ಹಸು ಕೊಳ್ಳಲು ಹೋದರು. ಮಾರುವವನು ಹಾಲಿನ ಮಾತು ತೆಗೆದರೆ ಇವರು ತಡೆದರಂತೆ.

“ಅದಿರ್ಲಿ ಮಾರಾಯ, ಸಗಣಿ ಎಷ್ಟು ಹಾಕ್ತದೆ?”

“ಇಷ್ಟು ವರ್ಷ ದನ ಮಾರಿದೀನಿ ಸ್ವಾಮಿ, ಇದನ್ನ ಕೇಳಿದವ್ರು ನೀವೊಬ್ರೇ!”

ಬಂದ ಹಸು ಮಾತಿಗೆ ತಪ್ಪಲಿಲ್ಲ. ಬೆಳಗಿನ ಕಾಫಿಗೆ ನೀಲಿ ಉರಿ ಧಾರಾಳ; ಹಾಲು ಮಾತ್ರ ಪಕ್ಕದ ಮನೆಯಿಂದ! ಆದರೂ ಸುಳ್ಳು ಹೇಳಬಾರದು, ಊದುಗೊಳವೆ ಹಿಡಿದು ಕಣ್ಣುಜ್ಜಿಕೊಳ್ಳುವುದು ನನಗೆ ತಪ್ಪಿತು. ದೇವರು ಕೊಟ್ಟದ್ದನ್ನೂ ಎಣಿಸಬೇಕಲ್ಲವೇ?

ಆಮೇಲೆ ಹಿಡಿದದ್ದು ಸೋಲಾರ್ ಹುಚ್ಚು. ಒಮ್ಮೆ ನಂಟರ ಹುಡುಗನಿಗೆ ಹೆಣ್ಣು ಕೇಳಲು ಬೇಗಾರು ಎಂಬ ಊರಿಗೆ ಹೋಗಿದ್ದೆವು. ಹುಡುಗಿಯ ತಂದೆ, “ಹುಡುಗನ ಮನೇಲಿ ಅನುಕೂಲ ಎಂತ ಇದೆ?” ಎಂದರು.

“ದಕ್ಷಿಣಕ್ಕೆ ಇಳಿಜಾರಾದ ಹೆಂಚಿನ ಮಾಡು ಇದೆ, ಒಂದು ಮರದ ನೆರಳೂ ಬೀಳೋದಿಲ್ಲ. ಇನ್ನೆಂತ ಬೇಕು?” ಎಂದರು ಭಾವ.

ಹುಡುಗಿಯನ್ನು ಕೊಡಲಿಲ್ಲ. ಆದರೆ ನಮ್ಮನ್ನು ಕಳಿಸಲು ಹೊರಗೆ ಬಂದ ಆ ತಂದೆ, ತಮ್ಮ ಮಾಡು ಯಾವ ದಿಕ್ಕಿಗಿದೆ ಎಂದು ಕತ್ತೆತ್ತಿ ನೋಡಿದ್ದನ್ನು ನಾನೇ ಕಂಡೆ!

ಕೊನೆಗೆ ನಮ್ಮ ಹೊಸ ಕೊಟ್ಟಿಗೆಯ ತಾರಸಿಗೆ ಸೋಲಾರ್ ಪ್ಯಾನೆಲ್ ಬಂತು. ಅಷ್ಟಕ್ಕೇ ಬಿಟ್ಟರೇ? ಊರಿನ ಹತ್ತು ಮನೆಯವರು ಸೇರಿ ಹಾಕಿಸಬೇಕು, ಹೆಚ್ಚಾದ ಕರೆಂಟ್ ಮಾರಬೇಕು ಎಂದು ವರ್ಷವಿಡೀ ಮನೆಮನೆ ಸುತ್ತಿದರು. “ಚಿನ್ನ ಪೆಟ್ಟಿಗೇಲಿ ಮಲಗಿರ್ತದೆ ಮಾರಾಯ, ಇದು ತಾರಸಿ ಮೇಲೆ ದುಡೀತದೆ!” ಜನ ನಕ್ಕು, “ಕಣ್ಣಾರೆ ತೋರಿಸಿ, ಆಮೇಲೆ ನೋಡುವ” ಎಂದರು. ಭಾವ ಒಂದು ಭಾನುವಾರ ಗೊತ್ತುಮಾಡಿದರು. ಅವತ್ತು ಒಪ್ಪದಿದ್ದರೆ ವರ್ಷದ ತಿರುಗಾಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅದೇ ಭಾನುವಾರ ನನ್ನ ಹಲಸಿನ ಹಪ್ಪಳ! ಅಂಗಳದ ತುಂಬ ಅವರ ಕುರ್ಚಿಗಳು. ಒಣಗಿಸುವುದೆಲ್ಲಿ? ತಾರಸಿ ಹತ್ತಿದರೆ ಪ್ಯಾನೆಲ್‌ಗಳು ತೊಳೆದಿಟ್ಟ ತಟ್ಟೆಯ ಹಾಗೆ, ದೋಸೆ ಕಾವಲಿಯಂತೆ ಕಾದು ಮಲಗಿವೆ. ಅವುಗಳ ಮೇಲೆಯೇ ಹಳೆ ಸೀರೆ ಹಾಸಿ, ತುದಿ ಕಟ್ಟಿ, ಸಾಲಾಗಿ ಹಪ್ಪಳ ಹರಡಿ ಬಂದೆ. ಸೂರ್ಯದೇವರು ಕೊಡುವುದು ಇಬ್ಬರಿಗೆ ಸಾಲದೇ?

ಹತ್ತೂ ಮನೆಯವರು ಬಂದರು. ಭಾವ ಹೆಮ್ಮೆಯಿಂದ ಗೋಡೆಯ ಮೀಟರ್ ತೋರಿಸಿದರು. ಹೊರಗೆ ತಲೆ ಸಿಡಿಯುವ ಬಿಸಿಲು. ಮೀಟರ್ ಸೊನ್ನೆಯ ಆಸುಪಾಸಿನಲ್ಲೇ ತೂಕಡಿಸುತ್ತಿದೆ!

“ನಿಮ್ಮ ಸೂರ್ಯನಿಗೆ ಭಾನುವಾರ ರಜೆಯಾ ಮಾರಾಯ್ರೆ?” ಎಂದರು ಒಬ್ಬರು. ನಗೆಯೋ ನಗೆ.

ಭಾವ ಏಣಿ ಹತ್ತಿದರು. ಪಾನಕದ ತಟ್ಟೆ ಹಿಡಿದು ನಿಂತಿದ್ದ ನನಗೆ ಆಗ ಹೊಳೆಯಿತು ನೋಡಿ! ಪ್ಯಾನೆಲ್‌ಗೆ ಬೀಳಬೇಕಾದ ಬಿಸಿಲನ್ನೆಲ್ಲ ನನ್ನ ಸೀರೆ, ಹಪ್ಪಳವೇ ತಡೆದಿತ್ತು!

ತುಸು ಹೊತ್ತಾದ ಮೇಲೆ ಇಳಿದರು. ನನ್ನ ಕಡೆ ನೋಡಲೇ ಇಲ್ಲ.

“ನಂದೇ ತಪ್ಪು. ವಯರ್ ಸರಿ ಜೋಡಿಸ್ಲಿಲ್ಲ.”

ಬಂದವರು ಪಾನಕ ಕುಡಿದು, ನಗುತ್ತಲೇ ಹೊರಟರು. ಮತ್ತೆ ಬರುತ್ತೇವೆ ಎಂದು ಒಬ್ಬರೂ ಹೇಳಲಿಲ್ಲ.

“ಹಪ್ಪಳ ಎತ್ತಿ ಬದಿಗಿಡಬಹುದಿತ್ತಲ್ಲ ಭಾವ? ನಾನು ಮಾಡಿದ್ದು ಅಂತ ಹೇಳಬಹುದಿತ್ತಲ್ಲ?” ಎಂದೆ. 

“ಹಸಿ ಹಪ್ಪಳ ಎತ್ತಿದ್ರೆ ಹರಿದು ಹೋಗ್ತದೆ ಮಾರಾಯ್ತಿ. ಮತ್ತೆ, ನನ್ನ ನೋಡಿ ನಗೋದು ಅವ್ರಿಗೆ ಅಭ್ಯಾಸ ಇದೆ. ನಿನ್ನ ನೋಡಿ ಯಾಕೆ ನಗ್ಬೇಕು?”

ಸಂಜೆ ತಾರಸಿ ಹತ್ತಿದೆ. ಕಾಗೆ ಬಾರದಿರಲೆಂದು ಹಪ್ಪಳದ ಪಕ್ಕ ಭಾವ ಒಂದು ಕೋಲು ನಿಲ್ಲಿಸಿ ತಮ್ಮ ಶಲ್ಯ ಕಟ್ಟಿದ್ದರು. ಹತ್ತು ಮನೆಯವರ ಮುಂದೆ ಹೊದ್ದು ನಿಲ್ಲಲೆಂದು ಇಸ್ತ್ರಿ ಮಾಡಿಸಿಕೊಂಡಿದ್ದ ಶಲ್ಯ.

ಅವತ್ತು ಬಂದಿದ್ದವರೇ, ನಮ್ಮ ಭಾವನ ವಯರ್ ಸರಿಯಾಗಿಯೇ ಇತ್ತು. ಇನ್ನೊಮ್ಮೆ ಬನ್ನಿ. ನಗುವುದಿದ್ದರೆ ನನ್ನನ್ನು ನೋಡಿ ನಗಿ.