ನೆಲವೇ ಡೊಂಕು

ಸಂಸಾರಸ್ಥ ಗಂಡಸಿಗೆ ಮನೆಯ ಹೊರಗೆ ಕೂರಲು ಒಂದು ಜಾಗ ಬೇಕು. ಕೂತದ್ದಕ್ಕೆ ಒಂದು ಘನವಾದ ನೆಪವೂ ಬೇಕು. ಇನ್ವರ್‌ಡೌರಿಯ ಡೂಗಲ್ ರ‍್ಯಾಟ್ರೇಗೆ ಇವೆರಡನ್ನೂ ಊರಿನ ನಗರಸಭೆಯೇ ದಯಪಾಲಿಸಿತ್ತು. ಅದು ಸಮುದ್ರದಂಡೆಯಲ್ಲಿದ್ದ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ. ಈಗ ಅದನ್ನು ಮುಚ್ಚಿ ಮನೆಗಳನ್ನು ಕಟ್ಟಿಸುತ್ತಾರಂತೆ ಎಂದು ಹೆಂಡತಿ ಎಫಿ ಬೆಳಗಿನ ಪೇಪರಿನಿಂದ ಓದಿ ಹೇಳಿದಾಗ, ಡೂಗಲ್‌ನ ಗಂಜಿಯ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ತ್ರಿಶಂಕುವಾಗಿ ನಿಂತಿತು.

"ಅಯ್ಯೋ ಡೂಗಲ್, ಇನ್ಮೇಲೆ ನಿನ್ನ ಗತಿ ಏನೋ?" ಎಂದಳು ಎಫಿ. ಆಮೇಲೆ ಪೇಪರು ಮಡಚಿ, ಇನ್ನೂ ಗಾಬರಿಯಿಂದ, "ಅದಿರ್ಲಿ, ನನ್ನ ಗತಿ ಏನು?" ಎಂದಳು.

ಅವಳ ಗಾಬರಿಗೆ ಕಾರಣವಿತ್ತು. ಜೀವನವಿಡೀ ಮನೆಮನೆಗೆ ಟಪಾಲು ಹಂಚಿದ ಡೂಗಲ್, ನಿವೃತ್ತನಾದ ಮೊದಲ ವಾರವೇ ಅಡಿಗೆಮನೆಯನ್ನು ಸುಧಾರಿಸಲು ಹೊರಟಿದ್ದ. ಡಬ್ಬಿಗಳನ್ನೆಲ್ಲ ಅಂಚೆ ವಿಂಗಡಿಸಿದಂತೆ ಬೀದಿವಾರು ವಿಂಗಡಿಸಿದ. ಸೂಪಿಗೆ ಉಪ್ಪು ಹಾಕುವಾಗ ಪಕ್ಕದಲ್ಲೇ ನಿಂತು "ಸಾಕಲ್ವಾ?" ಎಂದ. ಮರುದಿನ ಹಾಕದೇ ಇದ್ದಾಗ "ಸಾಲದಲ್ವಾ?" ಎಂದ. ಮೂರನೆಯ ದಿನ ಎಫಿ ಯಾರದೋ ಹಳೆಯ ಗಾಲ್ಫ್ ಕೋಲುಗಳ ಚೀಲವೊಂದನ್ನು ತಂದು ಅವನ ಹೆಗಲಿಗೆ ನೇತುಹಾಕಿ, "ಹೋಗು. ಮಂಗಳವಾರ, ಗುರುವಾರ, ಶನಿವಾರ. ಟೀ ಹೊತ್ತಿಗೆ ಮುಂಚೆ ಈ ಹೊಸ್ತಿಲು ತುಳೀಬೇಡ" ಎಂದು ಬಾಗಿಲು ಹಾಕಿಕೊಂಡಿದ್ದಳು.

ಡೂಗಲ್ ಮೊದಲ ದಿನ ಪ್ರಾಮಾಣಿಕವಾಗಿ ಆಡಲು ನೋಡಿದ. ಕೋಲನ್ನು ಆಕಾಶಕ್ಕೆತ್ತಿ ಬೀಸಿದ. ನೆಲದಲ್ಲಿ ಆಲೂಗಡ್ಡೆ ನೆಡಬಹುದಾದಷ್ಟು ದೊಡ್ಡ ಗುಂಡಿ ಬಿತ್ತು. ಚೆಂಡು ಮಾತ್ರ ಪೂಜೆಗಿಟ್ಟ ಸಾಲಿಗ್ರಾಮದಂತೆ ಕೂತಲ್ಲೇ ಕೂತಿತ್ತು. ಹತ್ತಾರು ಗುಂಡಿ ತೋಡಿ ಭುಜ ಸೋತಮೇಲೆ ಅವನು ಚೀಲ ಎಳೆದುಕೊಂಡು ಆರನೆಯ ಕುಳಿಯ ಹತ್ತಿರ ಹೋದ. ಅಲ್ಲಿ ಹಳದಿ ಹೂವಿನ ಮುಳ್ಳುಪೊದೆಗಳ ಮರೆಯಲ್ಲಿ, ಮಳೆ ಬಂದರೆ ನಿಲ್ಲಲು ಕಟ್ಟಿದ್ದ ಒಂದು ಮರದ ಗುಡಿಸಲು ಕಂಡಿತು. ಒಳಗೊಂದು ಬೆಂಚು. (ಬುದ್ಧನಿಗೆ ಬೋಧಿವೃಕ್ಷ ಕಂಡಾಗಲೂ ಇಷ್ಟು ಸಂತೋಷವಾಗಿರಲಿಕ್ಕಿಲ್ಲ.) ಅಂದಿನಿಂದ ಅವನ ಗಾಲ್ಫ್ ಎಂದರೆ ಒಂದು ಫ್ಲಾಸ್ಕ್ ಟೀ, ಒಂದು ಮಾಂಸದ ಪೈ, ಒಂದು ಪೇಪರು, ಆಮೇಲೆ ಮುಖದ ಮೇಲೆ ಟೋಪಿ.

ಸಂಜೆ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕಲ್ಲ! ಈ ಆಟದಲ್ಲಿ ಏಟು ಕಡಿಮೆಯಾದಷ್ಟೂ ಮರ್ಯಾದೆ ಹೆಚ್ಚು. ಡೂಗಲ್ ಮೊದಮೊದಲು "ಎಂಬತ್ತು" ಎಂದ. ಮನುಷ್ಯನೆಂದ ಮೇಲೆ ಪ್ರಗತಿ ಬೇಡವೇ? ವರ್ಷಗಳುರುಳಿದಂತೆ ಅರವತ್ತಾಯಿತು, ಐವತ್ತಾಯಿತು. ಮಳೆ ಬಂದ ದಿನ ಸಹಜವಾಗಿರಲೆಂದು ನಾಲ್ಕು ಏಟು ಸೇರಿಸುತ್ತಿದ್ದ. ಈಗ ಒಂಬತ್ತೂ ಕುಳಿಗಳನ್ನು ನಲವತ್ತೇ ಏಟಿನಲ್ಲಿ ಮುಗಿಸುವ ವೀರನಾಗಿದ್ದ. ಎಫಿ ಇದನ್ನು ಚರ್ಚಿನ ಮಹಿಳಾ ಸಂಘದಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಅತ್ತ ಮೈದಾನದ ಸ್ಥಿತಿ ಮಾತ್ರ ದೇವರಿಗೇ ಪ್ರೀತಿ. ನಗರಸಭೆ ಮಾಲಿಗಳನ್ನು ಕಡಿಮೆ ಮಾಡಿತು. ಉಳಿದ ಒಂದು ಹುಲ್ಲು ಕತ್ತರಿಸುವ ಯಂತ್ರ ಕೆಟ್ಟು ನಿಂತಲ್ಲೇ ಅದರ ಸುತ್ತ ಹುಲ್ಲು ಬೆಳೆದು ಯಂತ್ರವೇ ಕಾಣದಾಯಿತು. ಬಾವುಟ ಕಳುವಾದ ಕಡೆ ಪೊರಕೆ ಕೋಲು ನೆಟ್ಟಿದ್ದರು. ಏಳನೆಯ ಕುಳಿಯ ಸುತ್ತ ಮೊಲಗಳು ಎಷ್ಟು ಬಿಲ ತೋಡಿದ್ದವೆಂದರೆ, ಅದರಲ್ಲಿ ನಗರಸಭೆಯ ಕುಳಿ ಯಾವುದು, ಮೊಲದ್ದು ಯಾವುದು ಎಂದು ಹೇಳುವವರಿರಲಿಲ್ಲ. ಇದ್ದಬದ್ದ ಆಟಗಾರರೂ ಬೇರೆ ಊರಿಗೆ ಹೋದರು. ಮೈದಾನದ ಪಕ್ಕದಲ್ಲೇ ಮನೆಯಿದ್ದ ಗ್ರಿಜೆಲ್, "ಅಲ್ಲಿನ ಮುಳ್ಳುಗಿಡದ ಬೀಜವೆಲ್ಲ ಹಾರಿಬಂದು ನನ್ನ ಗುಲಾಬಿ ಪಾತೀಲಿ ಸಂಸಾರ ಹೂಡ್ತಿವೆ" ಎಂದು ದೂರು ಕೊಟ್ಟೂ ಕೊಟ್ಟೂ ಸೋತಳು. ಡೂಗಲ್ ಒಬ್ಬನಿಗೇ ತಕರಾರಿರಲಿಲ್ಲ. ಜನ ಕಡಿಮೆಯಾದಷ್ಟೂ ನಿದ್ದೆ ಸೊಗಸಾಗಿತ್ತು.

"ಮನೆ ಕಟ್ಟಿದ್ರೂ ಕಟ್ಟಲಿ ಬಿಡು, ಪಾಪ, ಬಡವರಿಗೆ..." ಎಂದು ಅವನು ಗಂಜಿ ಕಲಕುತ್ತ ಮೆಲ್ಲಗೆ ಹೇಳಿ ನೋಡಿದ. ಹೋರಾಟ ಎಂದರೆ ಜನ, ಜನ ಎಂದರೆ ಪ್ರಶ್ನೆ. ತನ್ನ ಬಗ್ಗೆ ಪ್ರಶ್ನೆ ಬರುವುದು ಅವನಿಗೆ ಬೇಕಿರಲಿಲ್ಲ.

"ಬಡವರಿಗಾ? ಒಂದೊಂದು ಮನೆಗೂ ಎರಡೆರಡು ಕಾರು ನಿಲ್ಲೋ ಜಾಗ ಅಂತ ಬರೆದಿದ್ದಾರೆ! ಅದೆಲ್ಲ ಆಗಲ್ಲ. ನೀನು ವಾರಕ್ಕೇಳು ದಿನ ನನ್ನ ಅಡಿಗೆಮನೇಲಿ ನಿಂತ್ಕೋತೀಯ ಅಂದ್ರೆ ನಾನು ನಗರಸಭೆ ಮುಂದೆ ಚಾಪೆ ಹಾಸ್ಕೊಂಡು ಮಲಗ್ತೀನಿ, ನೋಡ್ತಿರು."

ಚಾಪೆ ಹಾಸಬೇಕಾಗಲಿಲ್ಲ. ಮಹಿಳಾ ಸಂಘ ಎದ್ದು ನಿಂತಿತು. ಊರಲ್ಲಿ ನಿವೃತ್ತ ಗಂಡಂದಿರಿರುವ ಹೆಂಗಸರು ಬಹಳ. ಇವತ್ತು ಡೂಗಲ್‌ನ ಮೈದಾನ ಹೋದರೆ ನಾಳೆ ತಮ್ಮ ಯಜಮಾನರು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟದ ಅಂಗಳ ಹೋದೀತೆಂಬ ದೂರಾಲೋಚನೆ ಅವರಿಗಿತ್ತು. ಬಾಗಿಲು ಬಾಗಿಲಿಗೆ ಹೋಗಿ ಸಹಿ ಹಾಕಿಸಿದರು. ಕೊನೆಗೆ ನಗರಸಭೆ ಪುರಭವನದಲ್ಲಿ ಸಾರ್ವಜನಿಕ ಸಭೆ ಕರೆಯಿತು.

ಸಭೆಯಲ್ಲಿ ನಗರಸಭೆಯ ಮೈದಾನ ಸಮಿತಿಯ ಅಧ್ಯಕ್ಷೆ ಮಿಸೆಸ್ ಪಿಟ್‌ಕೆತ್ಲಿ ಮಾತಿಗೆ ನಿಂತರು. ಹೆಸರಿನಲ್ಲಿ ಕೆಟಲ್ಲಿನ ಸದ್ದಿದ್ದರೂ ಹೆಂಗಸು ಕುದಿಯುವವರಲ್ಲ, ತಣ್ಣಗೆ ಕೊಯ್ಯುವವರು. ಹರೆಯದಲ್ಲಿ ಸ್ವತಃ ಗಾಲ್ಫಿನಲ್ಲಿ ಬಹುಮಾನ ಗೆದ್ದವರು ಬೇರೆ.

"ನಿರ್ವಹಣೆಯಲ್ಲಿ ಯಾವ ಕೊರತೆಯೂ ಇಲ್ಲ. ಜನಕ್ಕೇ ಆಸಕ್ತಿ ಇಲ್ಲ. ಆಡೋರಿಲ್ಲದ ಮೈದಾನ ಯಾಕೆ ಬೇಕು?"

"ಕೊರತೆ ಇಲ್ವಾ? ಬನ್ನಿ, ನನ್ನ ಗುಲಾಬಿ ಪಾತಿ ನೋಡಿ ಬನ್ನಿ!" ಎಂದು ಗ್ರಿಜೆಲ್ ಕೂಗಿದಳು.

"ಅಮ್ಮಾ, ಗುಲಾಬಿ ಬೇರೆ, ಗಾಲ್ಫ್ ಬೇರೆ. ಮೈದಾನ ಆಡೋ ಸ್ಥಿತಿಯಲ್ಲೇ ಇದೆ. ಬೇಕಾದ್ರೆ ಊರಿನ ಒಬ್ಬ ಒಳ್ಳೇ ಆಟಗಾರನ್ನ ಕರ್ಕೊಂಡು ಬನ್ನಿ, ನಮ್ಮ ಸಮಿತಿ ಎದುರು ಆಡಲಿ. ಪಳಗಿದ ಕೈಗೂ ಅಲ್ಲಿ ಆಡಕ್ಕಾಗಲ್ಲ ಅಂತಾದ್ರೆ ತಪ್ಪು ನಮ್ದೇ ಅಂತ ಒಪ್ಪಿ, ಇಡೀ ಮೈದಾನ ರಿಪೇರಿ ಮಾಡಿಸ್ತೀವಿ. ಇದ್ದಾರಾ ಅಂಥೋರು?"

ಡೂಗಲ್ ಕುರ್ಚಿಯಲ್ಲಿ ಇಳಿದು ಇಳಿದು ಗಲ್ಲ ಮಂಡಿಗೆ ತಾಗುವಷ್ಟಾಗಿದ್ದ. ಅಷ್ಟರಲ್ಲಿ ಪಕ್ಕದಿಂದ ಎಫಿಯ ಕೈ ಅವನ ಕಾಲರ್ ಹಿಡಿದು ಮೇಲಕ್ಕೆತ್ತಿತು.

"ಇದ್ದಾನೆ! ನನ್ನ ಗಂಡ! ನಲವತ್ತು ಏಟಿನ ಆಟಗಾರ!"

ಪುರಭವನ ಚಪ್ಪಾಳೆಯಿಂದ ನಡುಗಿತು. ಡೂಗಲ್ ಕೂಡ ನಡುಗುತ್ತಿದ್ದುದರಿಂದ ಅದು ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ಆಟಕ್ಕೆ ಗೊತ್ತುಮಾಡಿದ್ದ ಶನಿವಾರ ಬರುವವರೆಗೆ ಅವನಿಗೆ ಬಿಸಿತುಪ್ಪ ಗಂಟಲಲ್ಲಿ ಸಿಕ್ಕಿಕೊಂಡ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ. ಹಿತ್ತಲಲ್ಲಿ ಕದ್ದು ಅಭ್ಯಾಸ ಮಾಡಲು ಹೋಗಿ ಬಟ್ಟೆ ಒಣಗಿಸುವ ಕಂಬ ಮುರಿದ. ಶುಕ್ರವಾರ "ಬೆನ್ನು ಹಿಡ್ಕೊಂಡಿದೆ ಕಣೇ" ಎಂದು ಸೋಫಾದ ಮೇಲೆ ಬೋರಲಾಗಿ ಮಲಗಿದ.

"ಅಯ್ಯೋ ಪಾಪ" ಎಂದು ಎಫಿ, ಕುದುರೆ ಕಾಲಿಗೆ ಹಚ್ಚುವ ಎಣ್ಣೆಯನ್ನು ತಂದು ಎರಡೂ ಕೈಯಿಂದ ತಿಕ್ಕಿದಳು. ಬೆನ್ನಿಗೆ ಬೆಂಕಿ ಬಿದ್ದಂತಾಗಿ ಡೂಗಲ್ ಚಂಗನೆ ಎದ್ದು ಕುಣಿದ.

"ನೋಡಿದ್ಯಾ, ವಾಸಿಯಾಯ್ತು. ನಾಳೆ ಜಾಸ್ತಿ ಯೋಚ್ನೆ ಮಾಡ್ಬೇಡ ಡೂಗಲ್. ನಿನ್ನ ಕೈಲಾದಷ್ಟು ಚೆನ್ನಾಗಿ ಆಡು. ಅಷ್ಟೇ ಸಾಕು."

ಶನಿವಾರ ಊರಿಗೆ ಊರೇ ಮೈದಾನದಲ್ಲಿ ನೆರೆಯಿತು. ಕೆಲವರು ಮಡಚುವ ಕುರ್ಚಿಗಳನ್ನೂ ತಂದಿದ್ದರು. ಸಮಿತಿಯವರು ಮೊಣಕಾಲುದ್ದದ ಹುಲ್ಲಿನಲ್ಲಿ ಪ್ಯಾಂಟು ಎತ್ತಿಹಿಡಿದು ನಿಂತಿದ್ದರು. ಡೂಗಲ್ ಚೆಂಡಿಟ್ಟ. ಕಣ್ಣು ಮುಚ್ಚಿದ. ಕುಲದೈವವಿಲ್ಲದ ಜಾತಿಯವನಾದ್ದರಿಂದ ಹಳೆಯ ಪೋಸ್ಟ್‌ಮಾಸ್ಟರನ್ನೇ ನೆನೆದು ಬೀಸಿದ.

ಒಂದು ಹಿಡಿ ಮಣ್ಣು, ಅದರ ಜೊತೆಗೊಂದು ಮುಳ್ಳುಗಿಡ, ಬೇರುಸಹಿತ ಎದ್ದು ಹಾರಿ ಸಮಿತಿಯ ಖಜಾಂಚಿಯ ಟೋಪಿಯ ಮೇಲೆ ಕೂತಿತು. ಚೆಂಡು ಇದ್ದಲ್ಲೇ ಇತ್ತು.

ಡೂಗಲ್‌ನ ಬಾಯಿಂದ ಹೊರಟದ್ದು ಒಂದೇ ಮಾತು: "ನೆಲ... ನೆಲ ಸರಿಯಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವೆಲ್ಲ ನಗುತ್ತೇವೆ. ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತಲ್ಲ, ನಗುವವರು ಯಾರು?

"ನೋಡಿದ್ರಾ?" ಎಂದು ಗ್ರಿಜೆಲ್ ಅರಚಿದಳು. "ನಲವತ್ತು ಏಟಿನ ಮನುಷ್ಯನಿಗೆ ಚೆಂಡು ಮುಟ್ಟಕ್ಕಾಗ್ತಿಲ್ಲ! ಯಾವ ಗತಿಗೆ ತಂದಿದ್ದೀರಿ ಮೈದಾನನ!"

ಆಮೇಲೆ ಡೂಗಲ್ ಹಿಂದೆ ನೋಡಲಿಲ್ಲ. ಅವನ ಒಂದೊಂದು ತಪ್ಪೂ ನಗರಸಭೆಯ ಲೆಕ್ಕಕ್ಕೆ ಜಮೆಯಾಗುತ್ತ ಹೋಯಿತು. ಎರಡನೆಯ ಕುಳಿಯಲ್ಲಿ ಕೋಲೇ ಕೈಯಿಂದ ಹಾರಿಹೋಯಿತು; "ಹುಲ್ಲು ಎಳ್ಕೊಂಡ್ಬಿಡ್ತು" ಎಂದರು ಜನ. ಮೂರನೆಯದರಲ್ಲಿ ಅವನೇ ಬಿದ್ದ, "ಮೊಲದ ಬಿಲ!" ಎಂದು ನಾಲ್ಕು ಜನ ಓಡಿ ಬಂದು ಎತ್ತಿದರು. ನಾಲ್ಕನೆಯದರ ಹೊತ್ತಿಗೆ ಏಟುಗಳು ನೂರು ದಾಟಿ, ಎಣಿಸುತ್ತಿದ್ದ ನಗರಸಭೆಯ ಗುಮಾಸ್ತ ಪೆನ್ಸಿಲನ್ನು ಜೇಬಿಗಿಳಿಸಿದ್ದ. ಮಿಸೆಸ್ ಪಿಟ್‌ಕೆತ್ಲಿ ಮಾತ್ರ ಒಂದು ಬಾರಿ ಅವನ ಕೈಯನ್ನು, ಕೋಲು ಹಿಡಿದ ಪರಿಯನ್ನು ದಿಟ್ಟಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಸುತ್ತ ನಿಂತ ಜನರ ಮುಖ ನೋಡಿ ಮುಚ್ಚಿಕೊಂಡರು. ಐದನೆಯ ಕುಳಿಗೆ ಹೋಗುವ ಮೊದಲೇ ಕೈಯೆತ್ತಿ, "ಸಾಕು. ಇಂಥ ಆಟಗಾರನಿಗೆ ಈ ಗತಿ ಬಂದಿದೆ ಅಂದ್ರೆ ತಪ್ಪು ನಮ್ದೇ. ಮೈದಾನ ಉಳೀತದೆ" ಎಂದು ಘೋಷಿಸಿದರು.

ಡೂಗಲ್‌ನನ್ನು ಜನ ಹೆಗಲ ಮೇಲೆ ಹೊತ್ತರು. ಹೊತ್ತವರು ಬೌಲ್ಸ್ ಆಡುವ ಮುದುಕರಾದ್ದರಿಂದ ಗೇಟಿನವರೆಗೂ ಹೊರದೆ ನಡುದಾರಿಯಲ್ಲೇ ಇಳಿಸಿದರು.

ಮನೆಯ ದಾರಿಯಲ್ಲಿ ಅವನು ಗಂಭೀರವಾಗಿ, "ಇವತ್ತು ನೆಲ ತುಂಬಾ ಮೋಸ ಮಾಡ್ತು ಎಫಿ. ಇಲ್ದಿದ್ರೆ..." ಎಂದು ಶುರುಮಾಡಿದ.

"ಡೂಗಲ್," ಎಂದಳು ಎಫಿ, "ಆ ಕಾಡಲ್ಲಿ ದೊಡ್ಡ ದೊಡ್ಡ ಆಟಗಾರರೂ ದಿನಾ ಒಂದಾದ್ರೂ ಚೆಂಡು ಕಳ್ಕೋತಿದ್ರು. ನೀನು ಇಷ್ಟು ವರ್ಷದಲ್ಲಿ ಒಂದೇ ಒಂದು ಚೆಂಡು ಕಳ್ಕೊಂಡಿಲ್ಲ. ಪ್ರತಿ ವಾರ ಚೀಲದ ಧೂಳು ಒರೆಸೋಳು ನಾನು. ಇನ್ನು ಆ ಕೋಲುಗಳೋ, ಜೇಡ ಬಲೆ ಕಟ್ಟಿತ್ತು."

ಡೂಗಲ್ ರಸ್ತೆಯ ನಡುವೆ ಕಂಬವಾದ. "ಮತ್ತೆ... ಸಭೇಲಿ ನನ್ನ ಕಾಲರ್ ಹಿಡಿದು ಎತ್ತಿದ್ದು?"

"ಆಡಕ್ಕೆ ಬರ್ದೇ ಇರೋನೊಬ್ಬ ಬೇಕಾಗಿತ್ತು. ಇಡೀ ಊರಲ್ಲಿ ಹುಡುಕಿದ್ರೂ ನಿನ್ನಷ್ಟು ನಂಬಿಕಸ್ತ ಇನ್ಯಾರು ಸಿಗ್ತಾರೆ ಹೇಳು?" ಎಂದು ಅವಳು ಅವನ ತೋಳು ಹಿಡಿದುಕೊಂಡಳು. ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಅವನು ಮನೆಯವರೆಗೂ ಯೋಚಿಸುತ್ತಲೇ ನಡೆದ.

ನಗರಸಭೆ ಮಾತು ಉಳಿಸಿಕೊಂಡಿತು. ವಸಂತದ ಹೊತ್ತಿಗೆ ಹುಲ್ಲು ಜಮಖಾನೆಯಾಯಿತು, ಮೊಲಗಳಿಗೆ ಎತ್ತಂಗಡಿಯಾಯಿತು, ಬಾವುಟಗಳು ಹಾರಾಡಿದವು. ಆರನೆಯ ಕುಳಿಯ ಮುಳ್ಳುಪೊದೆಗಳನ್ನು ಬುಡಸಮೇತ ಕಿತ್ತರು. ಗುಡಿಸಲು "ಅಪಾಯಕಾರಿ ಕಟ್ಟಡ"ವೆಂದು ನೆಲಸಮವಾಯಿತು. ಗುರುವಾರ ಫ್ಲಾಸ್ಕ್ ಹಿಡಿದು ಹೋದ ಡೂಗಲ್‌ಗೆ ಕೂರಲು ತನ್ನ ಚೀಲವಲ್ಲದೆ ಬೇರೇನೂ ಉಳಿದಿರಲಿಲ್ಲ. ಮೇಲೆ ಜಿಟಿಜಿಟಿ ಮಳೆ. ಟೀಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಚಳಿಗೆ ಮೈ ಬಿಸಿಯಾಗಲೆಂದು ಅವನು ಒಂದು ಚೆಂಡು ಇಟ್ಟು, ಸುಮ್ಮನೆ, ಯಾವ ಆಸೆಯೂ ಇಲ್ಲದೆ ಕೋಲು ಬೀಸಿದ.

ಟಕ್!

ಚೆಂಡು ಎದ್ದಿತು. ಹಕ್ಕಿಯಂತೆ ಮೇಲೇರಿ, ಮಳೆಯಲ್ಲಿ ಮಿಂಚಿ, ಬಾವುಟದ ಹತ್ತಿರ ಹೋಗಿ ಮೆತ್ತಗೆ ಬಿತ್ತು. ಡೂಗಲ್ ಸುತ್ತ ನೋಡಿದ. ಒಂದು ನರಪಿಳ್ಳೆಯೂ ಇರಲಿಲ್ಲ. ಅವನ ಕಣ್ಣಲ್ಲಿ ನೀರೇ ಬಂತು. ಚೀಲ ಅಲ್ಲೇ ಬಿಟ್ಟು, ಟಪಾಲು ಹಂಚುವಾಗ ನಾಯಿ ಅಟ್ಟಿಸಿದಾಗಲೂ ಓಡದ ವೇಗದಲ್ಲಿ ಓಡಿ, ಟೀ ಹೊತ್ತಿಗೆ ಮುಂಚೆ ತುಳಿಯಬಾರದ ಹೊಸ್ತಿಲನ್ನು ತುಳಿದು ನಡುಮನೆಗೆ ನುಗ್ಗಿದ.

"ಎಫಿ! ತಗುಲ್ತು ಕಣೇ! ಚೆಂಡಿಗೆ ಕೋಲು ತಗುಲ್ತು!"

ನಡುಮನೆಯಲ್ಲಿ ಇಡೀ ಮಹಿಳಾ ಸಂಘ ಕೂತು ಶೆರ್ರಿ ವೈನ್ ಕುಡಿಯುತ್ತ ಇಸ್ಪೀಟು ಆಡುತ್ತಿತ್ತು. ಮಂಗಳವಾರ, ಗುರುವಾರ, ಶನಿವಾರಗಳ ಅರ್ಥ ಡೂಗಲ್‌ಗೆ ಅಂದೇ ಪೂರ್ತಿಯಾಗಿ ಆದದ್ದು. ಅವನ ಸ್ವಂತ ಆರಾಮಕುರ್ಚಿಯಲ್ಲಿ, ಸಂಘದ ಹೊಸ ಸದಸ್ಯೆ ಮಿಸೆಸ್ ಪಿಟ್‌ಕೆತ್ಲಿ ಎಲೆಗಳನ್ನು ಬೀಸಣಿಗೆಯಂತೆ ಹಿಡಿದು ಕೂತಿದ್ದರು.

"ತಗುಲ್ತಾ?" ಎಂದರು ಅವರು ನಿಧಾನವಾಗಿ. "ಹಾಗಾದ್ರೆ ಇಷ್ಟು ವರ್ಷ?"

ಗ್ರಿಜೆಲ್‌ಗೆ ಕೆಮ್ಮು ಬಂತು. ಎಫಿ ಮಾತ್ರ ತಕ್ಷಣ ಎದ್ದು ಗಂಡನ ಹಣೆ ಮುಟ್ಟಿ ನೋಡಿ, "ಪಾಪ, ಬಿಸಿಲು ತಲೆಗೆ ಹತ್ತಿದೆ ಕಣ್ರೀ. ಬೆಳಿಗ್ಗೆಯಿಂದ ಆಡ್ತಿದ್ದಾನೆ ನೋಡಿ" ಎಂದಳು.

ಡೂಗಲ್‌ನ ಟೋಪಿಯಿಂದ ಮಳೆನೀರು ಜಮಖಾನೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮಿಸೆಸ್ ಪಿಟ್‌ಕೆತ್ಲಿ ಆ ತೊಟ್ಟನ್ನೂ ನೋಡಿದರು, ಡೂಗಲ್‌ನನ್ನೂ ನೋಡಿದರು. ಆಮೇಲೆ ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲಿಟ್ಟರು. "ಮೈದಾನದ ರಿಪೇರಿ ಆಯ್ತು, ಮಿಸ್ಟರ್ ರ‍್ಯಾಟ್ರೇ. ಇನ್ನು ಆಟಗಾರನ ರಿಪೇರಿ ಬಾಕಿ ಇದೆ. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಬನ್ನಿ, ನಾನೇ ಕಲಿಸ್ತೀನಿ. ಮಂಗಳವಾರ, ಗುರುವಾರನೂ."

ಡೂಗಲ್ ಕಾಪಾಡು ಎನ್ನುವಂತೆ ಹೆಂಡತಿಯ ಮುಖ ನೋಡಿದ. ಎಫಿ ಶೆರ್ರಿಯ ಬಾಟಲಿಯೆತ್ತಿ ಪಿಟ್‌ಕೆತ್ಲಿಯವರ ಲೋಟ ತುಂಬಿಸುತ್ತ, "ಸೋಮವಾರ, ಬುಧವಾರನೂ ಅವನಿಗೆ ಅಂಥಾ ಕೆಲಸವೇನಿಲ್ಲ" ಎಂದಳು.