ಮಂಜಿನಲ್ಲೊಂದು ರಿಹರ್ಸಲ್

ಗಂಡ ಹೆಂಡತಿ ಒಬ್ಬರನ್ನೊಬ್ಬರು ಅಷ್ಟಾಗಿ ನೋಡದೇ ಇರುವುದೇ ಸುಖಸಂಸಾರದ ಗುಟ್ಟಿರಬಹುದು ಅಂತ ನನಗೆ ಅನುಮಾನ ಬಂದದ್ದು ಬಹಳ ತಡವಾಗಿ, ಅದೂ ನಡುಸಮುದ್ರದಲ್ಲಿ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಡಾಕ್ಟರಾಗಿ ನನ್ನ ಆಯುಷ್ಯವೆಲ್ಲ ರೋಟಾ ಅನ್ನುವ ಡ್ಯೂಟಿ ಪಟ್ಟಿ ಹೇಳಿದಂತೆ ಕಳೆದುಹೋಗಿದೆ. ಮನೆಗೆ ಯಾವ ಹೊತ್ತಿಗೆ ಬಂದರೂ ಹೆಂಡತಿ ಶೈಲಾ ಕಾಯುತ್ತಿದ್ದಳು. ಬಾಗಿಲು ತೆಗೆದು 'ಇವತ್ತು ತುಂಬಾ ರಶ್ಶಾ?' ಅನ್ನುತ್ತಿದ್ದಳು. 'ಹೂಂ, ಉಸಿರಾಡೋಕೂ ಪುರುಸೊತ್ತಿರಲಿಲ್ಲ' ಅಂತ ನಾನು ಅಂದು, ನಾಲ್ಕು ತುತ್ತು ತಿಂದು ಮಲಗುತ್ತಿದ್ದೆ. ಇಷ್ಟೇ ಮಾತಿನಲ್ಲಿ ಮಗಳನ್ನು ಬೆಳೆಸಿದೆವು, ಬ್ರೂಮ್‌ಹಿಲ್ಲಿನ ಮನೆಯ ಮಾರ್ಟ್‌ಗೇಜನ್ನೂ ತೀರಿಸಿದೆವು.

ಇನ್ನು ರಿಟೈರಾಗಿ ಹೆಂಡತಿಯ ಜೊತೆ ಹಾಯಾಗಿರೋಣ ಅಂದುಕೊಂಡೆ. ಮೊದಲೊಂದು ರಿಹರ್ಸಲ್ ಇರಲಿ ಅಂತ ಉತ್ತರದ ದ್ವೀಪಗಳಿಗೆ ಕ್ರೂಸ್ ಬುಕ್ ಮಾಡಿದೆ. ಲಿವರ್‌ಪೂಲಿನಲ್ಲಿ ಹತ್ತಿ, ಸ್ಕಾಟ್ಲೆಂಡಿನ ನೆತ್ತಿ ಬಳಸಿ, ಫೆರೋ ದ್ವೀಪಗಳನ್ನು ನೋಡಿಕೊಂಡು ವಾಪಸು. ಜಾಹೀರಾತಿನಲ್ಲಿ ಕಡಿದಾದ ಕಪ್ಪು ಬಂಡೆಗಳಿದ್ದವು, ಕೆಂಪು ಕೊಕ್ಕಿನ ಹಕ್ಕಿಗಳಿದ್ದವು, ಕೈ ಕೈ ಹಿಡಿದು ನಗುವ ಬಿಳಿಗೂದಲಿನ ದಂಪತಿಯೂ ಇದ್ದರು. ನಾವು ಹೋದಾಗ ಬರೀ ಮಂಜು. 'ನಿಮ್ಮ ಎಡಕ್ಕೆ ಭವ್ಯವಾದ ಬಂಡೆಗಳು' ಅಂತ ಕ್ಯಾಪ್ಟನ್ ಮೈಕಿನಲ್ಲಿ ಕೂಗುತ್ತಿದ್ದ. ನಾವೆಲ್ಲ ಎಡಕ್ಕೆ ಓಡಿ ಮಂಜಿನ ಫೋಟೊ ತೆಗೆಯುತ್ತಿದ್ದೆವು. ಪಕ್ಕದ ಕ್ಯಾಬಿನ್ನಿನ ಲೀಡ್ಸಿನ ಅಜ್ಜಿ 'ಲವ್ಲಿ, ಲವ್ಲಿ' ಅನ್ನುತ್ತಿದ್ದರು. ಈ ಜನಕ್ಕೆ ಏನೂ ಕಾಣದಿದ್ದರೂ ಲವ್ಲಿಯೇ.

ಹೊರಗೆ ನೋಡಲು ಏನೂ ಇಲ್ಲದ ಮೇಲೆ ನಾನು ಶೈಲಾಳನ್ನು ನೋಡತೊಡಗಿದೆ. ಕ್ಯಾಬಿನ್ನಿನಲ್ಲಿ ಒಂದು ಮಂಚ, ಒಂದು ಕುರ್ಚಿ, ಕೈ ಚಾಚಿದರೆ ಗೋಡೆ. ಟೀಗೆ ಅಷ್ಟೊಂದು ಸಕ್ಕರೆ ಯಾಕೆ ಅಂದೆ. ಫೋನಿನಲ್ಲಿ ಭಜನೆ ಅಷ್ಟು ಜೋರಾಗಿ ಯಾಕೆ ಅಂದೆ. ಬಟ್ಟೆ ಹಾಗಲ್ಲ, ಹೀಗೆ ಮೂರು ಪದರ ಮಾಡಿ ಅಂಚು ಒಳಗೆ ಸೇರಿಸಿ ಮಡಿಸಬೇಕು ಅಂತ ತೋರಿಸಿಕೊಟ್ಟೆ. ಪಾಪ, ಎಲ್ಲ ಸುಮ್ಮನೆ ಕೇಳಿಸಿಕೊಂಡಳು. ರಿಹರ್ಸಲ್ ಚೆನ್ನಾಗಿಯೇ ನಡೆಯುತ್ತಿದೆ ಅಂತ ನಾನು ತಿಳಿದಿದ್ದೆ.

ಅವಳಿಗಿದ್ದದ್ದು ಒಂದೇ ಆಸೆ. ಜನ ಬಿಟ್ಟುಹೋದ ಒಂದು ಪುಟ್ಟ ದ್ವೀಪದಲ್ಲಿ ಇಳಿಯಬೇಕು. 'ಅಲ್ಲಿ ಕೂತು ನಿಮಗೊಂದು ಮಾತು ಹೇಳಬೇಕು' ಅಂದಿದ್ದಳು. ಆದರೆ ಅವತ್ತು ಅಲೆ ಜೋರಾಗಿ ಸಣ್ಣ ದೋಣಿಗಳನ್ನು ಇಳಿಸಲಾಗದೆ ಕ್ಯಾಪ್ಟನ್ ದ್ವೀಪವನ್ನೇ ರದ್ದು ಮಾಡಿದ. ಸಮಾಧಾನಕ್ಕೆ ಎಲ್ಲರಿಗೂ ಬಿಸಿ ಸೂಪು ಕೊಟ್ಟರು. ಡೆಕ್ಕಿನ ಕಂಬಿಗೆ ಒರಗಿ, ದ್ವೀಪ ಇರಬೇಕಾದ ಕಡೆ ನೋಡುತ್ತಾ ಶೈಲಾ ಹೇಳಿದಳು, 'ರೀ, ದಯವಿಟ್ಟು ರಿಟೈರ್ ಆಗಬೇಡಿ.'

ನನಗೆ ಸೂಪು ನೆತ್ತಿಗೆ ಹತ್ತಿತು. 'ಅಯ್ಯೋ, ನಿನಗೋಸ್ಕರ ಅಲ್ವೇನೇ ಇದೆಲ್ಲ?'

'ಗೊತ್ತು ರೀ. ಆದ್ರೆ ನಿಮ್ಮನ್ನ ಕಾಯೋದು ನನಗೆ ಅಭ್ಯಾಸ ಆಗೋಗಿದೆ. ನೀವು ಬರೋ ಹೊತ್ತಾಯ್ತು ಅಂದ್ರೆ ಈಗಲೂ ಖುಷಿಯಾಗತ್ತೆ. ಇಲ್ಲಿ ನೀವು ಎಲ್ಲಿಂದಲೂ ಬರೋದೇ ಇಲ್ಲ. ಇಲ್ಲೇ ಇರ್ತೀರಿ.'

ಇಷ್ಟು ವರ್ಷ ಆಸ್ಪತ್ರೆ ನನ್ನನ್ನು ಅವಳಿಂದ ಕಿತ್ತುಕೊಂಡಿತು ಅಂತ ಗೊಣಗಿದವನು ನಾನು. ನಿಜ ಹೇಳುತ್ತೇನೆ, ಅಳು ಬಂತು. ಲೀಡ್ಸಿನ ಅಜ್ಜಿ ನಮ್ಮಿಬ್ಬರನ್ನೂ ನೋಡಿ 'ಲವ್ಲಿ' ಅಂದು ಮುಂದೆ ಹೋದರು.

ವಾಪಸು ಬಂದವನು ಅರ್ಧ ಕೆಲಸ ಉಳಿಸಿಕೊಂಡೆ. ಇನ್ನರ್ಧ ಬಿಟ್ಟದ್ದನ್ನು ಶೈಲಾಗೆ ಹೇಳಲಿಲ್ಲ. ಕೆಲಸವಿಲ್ಲದ ದಿನವೂ ಊಟದ ಡಬ್ಬಿಯ ಚೀಲ ಹಿಡಿದು ಹೊರಡುತ್ತೇನೆ. ಪಾರ್ಕಿನ ಪಕ್ಕ ಕಾರು ನಿಲ್ಲಿಸಿ, ಅದರೊಳಗೇ ನಡುಗುತ್ತಾ ಚಿತ್ರಾನ್ನ ತಿಂದು, ಗಾಜಿನ ಮೇಲೆ ಬೀಳುವ ಮಳೆ ನೋಡುತ್ತಾ ಶಿಫ್ಟ್ ಮುಗಿಸುತ್ತೇನೆ. ಶೈಲಾ ನಗುತ್ತಾ ಬಾಗಿಲು ತೆಗೆಯುತ್ತಾಳೆ. 'ಇವತ್ತು ತುಂಬಾ ರಶ್ಶಾ?' 'ಹೂಂ, ಉಸಿರಾಡೋಕೂ ಪುರುಸೊತ್ತಿರಲಿಲ್ಲ.'

ನನ್ನ ನಟನೆಯ ಬಗ್ಗೆ ಹೆಮ್ಮೆಯೇ ಇತ್ತು. ಮೊನ್ನೆ ನೋಡಿದರೆ ಚೀಲದಲ್ಲಿ ಡಬ್ಬಿಯ ಕೆಳಗೆ ಒಂದು ಉಣ್ಣೆಯ ಶಾಲು. ಆಸ್ಪತ್ರೆಯ ಒಳಗೆ ಬೆವರು ಬರುವಷ್ಟು ಹೀಟಿಂಗ್ ಇರುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಶಾಲನ್ನು ಮೂರು ಪದರ ಮಾಡಿ, ಅಂಚು ಒಳಗೆ ಸೇರಿಸಿ, ನಾನು ಹಡಗಿನಲ್ಲಿ ಹೇಳಿಕೊಟ್ಟ ಹಾಗೆಯೇ ಮಡಿಸಿದ್ದಳು.