ಮೂರು ಮಷೀನು, ಒಂದು ಪ್ರಿಂಟರು, ನಮ್ಮ ಟೈಪಿಸ್ಟ್ ಅಕ್ಕ

ಪ್ರಿಂಟರ್ ಇರುವ ಆಫೀಸಿನಲ್ಲಿ ತಮಾಷೆಗೆ ಬರ ಅನ್ನೋದಿಲ್ಲ. ಆದರೆ ಅದು ನಡೆಯುವ ಹೊತ್ತಿಗೆ ಯಾರಿಗೂ ನಗು ಬರೋದಿಲ್ಲ, ನಗು ಬರುವ ಹೊತ್ತಿಗೆ ಜೊತೆಗಿದ್ದವರು ಇರೋದಿಲ್ಲ. ನನ್ನ ಪಾಡೂ ಅದೇ.

ಎಂಬತ್ತರ ದಶಕದ ಕೊನೆ. ಹಡಗಿಗೆ ಸರಕು ಕಳಿಸುವವರ ಕಾಗದಪತ್ರ ನೋಡಿಕೊಳ್ಳುವ ಒಂದು ಆಫೀಸು ತಮಿಳು ಸೀಮೆಯ ಬಂದರಿನ ಪಕ್ಕ, ರಾಯಪುರಂನಲ್ಲಿತ್ತು, ಅಲ್ಲಿ ನಾನು ಗುಮಾಸ್ತ. ನಮ್ಮ ಯಜಮಾನರನ್ನ ಎಲ್ಲರೂ ಮುದಲಾಳಿ ಅನ್ನೋರು. ಅವರಿಗೆ ಕಂಪ್ಯೂಟರ್ ಹುಚ್ಚು. ಮೊದಲು ಯೂನಿಕ್ಸ್ ಮಷೀನ್ ಕೊಂಡರು. ಆಮೇಲೆ ಡಾಸ್ ಇರುವ ಪಿ.ಸಿ. ಬಂತು. ಅದು ಸಾಲದು ಅಂತ ಅವರ ಮಗ ಸಿಂಗಪುರದಿಂದ ಬೇರೆ ಜಾತಿಯದ್ದೇ ಇನ್ನೊಂದನ್ನ ಹೊತ್ತು ತಂದ. ಪ್ರಿಂಟರ್ ಮಾತ್ರ ಒಂದೇ.

"ಬಿ.ಎಸ್ಸಿ. ಓದಿದೀಯಲ್ಲ, ಮೂರರಿಂದಲೂ ಕಾಗದ ಒಂದೇ ಥರ ಬರೋ ಹಾಗೆ ದಾರಿ ಹುಡುಕು. ಬಂದ ದಿನ ಟೈಪ್‌ರೈಟರನ್ನ ಗುಜರಿಗೆ ಹಾಕಿಬಿಡೋಣ" ಅಂದರು.

ಆ ಟೈಪ್‌ರೈಟರ್ ಮುಂದೆ ಕೂರುತ್ತಿದ್ದವರು ನಮ್ಮ ಟೈಪಿಸ್ಟ್ ಅಕ್ಕ. ಇಡೀ ಆಫೀಸಿನಲ್ಲಿ ಕನ್ನಡ ಮಾತಾಡೋರು ನಾವಿಬ್ಬರೇ. ಗಂಡ ತೀರಿಕೊಂಡಿದ್ದರು, ಮಗಳು ಕಾಲೇಜಿನಲ್ಲಿ. ಮಾಧವರಂನಿಂದ ಬಸ್ಸಿನಲ್ಲಿ ಬರೋರು. "ಮಗಳ ಓದು ಮುಗಿಯೋವರೆಗೆ ಆ ಪ್ರಿಂಟರ್ ಕೆಟ್ಟೇ ಇರಲಪ್ಪಾ ದೇವರೇ" ಅಂತ ನನ್ನೆದುರೇ ಕೈ ಮುಗಿಯೋರು. "ಅಕ್ಕಾ, ಅದು ಸರಿಹೋಗದಿದ್ದರೆ ನನ್ನ ಕೆಲಸ ಹೋಗುತ್ತೆ" ಅಂದರೆ, "ನಿನಗೇನೋ ಇನ್ನೂ ವಯಸ್ಸಿದೆ, ಬೇರೆ ಸಿಗುತ್ತೆ ಬಿಡು" ಅನ್ನೋರು.

೧. ಪಡಿ

ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕು. ಕಾಗದ ಒಂದು ಸಾಲು ಮೇಲೇರಬೇಕು, ಮತ್ತೆ ಎಡಗಡೆಯಿಂದ ಶುರುವಾಗಬೇಕು. ಅಕ್ಕ ಒಂದೇ ಸಲ ತಳ್ಳಿ ಎರಡನ್ನೂ ಮಾಡೋರು. ಡಾಸ್ ಕೂಡ ಪ್ರಿಂಟರಿಗೆ ಎರಡನ್ನೂ ಹೇಳುತ್ತಿತ್ತು. ಯೂನಿಕ್ಸ್‌ಗೆ ಧಿಮಾಕು, "ಕಾಗದ ಏರಿಸು" ಅಂತಷ್ಟೇ ಹೇಳಿ ಸುಮ್ಮನಾಗೋದು. ಹಾಗಾಗಿ ಮೊದಲ ಪತ್ರದಲ್ಲಿ ಒಂದು ಸಾಲು ಮುಗಿದ ಜಾಗದ ಕೆಳಗೇ ಮುಂದಿನದು ಶುರುವಾಗಿ, ಅಕ್ಷರಗಳೆಲ್ಲ ಓರೆಯಾಗಿ ಇಳಿದು ಕಾಗದದ ಆಚೆ ಹೋಗಿಬಿಟ್ಟವು.

ಮುದಲಾಳಿ ಅದನ್ನ ಅಕೌಂಟೆಂಟ್ ಕೈಗೆ ಕೊಟ್ಟು "ಪಡಿ" ಅಂದರು. ತಮಿಳಿನಲ್ಲಿ ಪಡಿ ಅಂದರೆ ಓದು. ಮೆಟ್ಟಿಲಿಗೂ ಪಡಿ ಅಂತಲೇ ಅನ್ನೋದು. ಅಕೌಂಟೆಂಟ್ ಕಾಗದವನ್ನ ತಿರುಗಿಸಿ ಮುರುಗಿಸಿ ನೋಡಿ, ಬಹಳ ವಿನಯದಿಂದ ಹೇಳಿದರು: "ಆಮಾ ಸಾರ್, ಪಡಿದಾನ್." ಹೌದು ಸಾರ್, ಮೆಟ್ಟಿಲೇ.

೨. ಸರಕಿನ ವಿವರ

ಯೂನಿಕ್ಸ್‌ಗೆ ಹೇಗೋ ಬುದ್ಧಿ ಕಲಿಸಿದೆ. ಆಗ ಸಿಂಗಪುರದ ಮಷೀನ್ ತಗಾದೆ ತೆಗೆಯಿತು. ಅದು "ಎಡಕ್ಕೆ ಬಾ" ಅನ್ನುತ್ತಿತ್ತು, ಕಾಗದ ಏರಿಸೋ ಮಾತೇ ಇಲ್ಲ. ಪ್ರಿಂಟರಿನ ಹಿಂದೆ ಒಂದು ಪುಟ್ಟ ಸ್ವಿಚ್ ಇತ್ತು. ಅದನ್ನ ಹಾಕಿದರೆ ಎಡಕ್ಕೆ ಬಂದಾಗೆಲ್ಲ ಕಾಗದ ತಾನಾಗಿ ಏರುತ್ತೆ. ಹಾಕಿದೆ, ಸರಿಹೋಯಿತು. ಈಗ ಡಾಸ್ ಮುನಿಸಿಕೊಂಡಿತು: ಅದೂ ಏರಿಸು ಅನ್ನೋದು, ಸ್ವಿಚ್ಚೂ ಏರಿಸೋದು, ಸಾಲುಗಳ ನಡುವೆ ಎರಡರಷ್ಟು ಜಾಗ. ಅತ್ತೆಯನ್ನ ಸಮಾಧಾನ ಮಾಡಿದರೆ ಸೊಸೆ ಊಟ ಬಿಟ್ಟ ಹಾಗೆ.

ಒಂದು ದಿನ ಸ್ವಿಚ್ ತೆಗೆಯೋದು ಮರೆತು, ಅಚ್ಚಾದ ಫಾರಮ್ಮಿನ ಮೇಲೆ ಡಾಸಿನಿಂದ ಹೊಡೆದು ಹಾರ್ಬರಿಗೆ ಕಳಿಸಿಬಿಟ್ಟೆವು. ಸಾಲೆಲ್ಲ ಕೆಳಗೆ ಜರುಗಿ, "ಸರಕಿನ ವಿವರ" ಅನ್ನೋ ಮನೆಯಲ್ಲಿ ಮುದಲಾಳಿಯ ಹೆಸರು ಬಂದು ಕೂತಿತ್ತು.

ಅಲ್ಲಿನ ಆಫೀಸರ್ ನನ್ನ ಮುಖ ನೋಡಿ ಕೇಳಿದರು: "ಇವರನ್ನ ಪೆಟ್ಟಿಗೆಯಲ್ಲಿ ಕಳಿಸ್ತೀರೋ, ಗೋಣಿಯಲ್ಲಿ ಕಟ್ಟಿ ಕಳಿಸ್ತೀರೋ?"

೩. ಮನೆ ನಂಬರು

ಆ ಪ್ರಿಂಟರನ್ನ ಕಾರ್ಖಾನೆಯವರು ಇಂಗ್ಲೆಂಡಿಗೆ ಅಂತ ಸಿದ್ಧಮಾಡಿದ್ದರೋ ಏನೋ, ಮನೆ ನಂಬರಿನ ಹಿಂದೆ # ಹೊಡೆದರೆ ಪೌಂಡಿನ ಗುರುತು £ ಬೀಳೋದು. ಕೀಲ್ಪಾಕ್‌ನ ಡಾಕ್ಟರೊಬ್ಬರಿಗೆ ಹಾಗೇ ಒಂದು ಕವರ್ ಹೋಯಿತು. ಮಾರನೇ ದಿನ ಫೋನು.

"ಏನ್ರೀ, ನನ್ನ ಮನೆ ಹದಿನಾಲ್ಕು ಪೌಂಡ್ ಅಂತ ಬರೆದು ಕಳಿಸಿದ್ದೀರಿ! ಪೋಸ್ಟ್‌ಮ್ಯಾನ್ ನಾನೇ ತಗೋತೀನಿ ಅಂತ ನಿಂತಿದಾನೆ!"

ಅಕ್ಕನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಬ್ಬಾ, ಇನ್ನೊಂದು ತಿಂಗಳು ನನ್ನ ಕುರ್ಚಿ ಗಟ್ಟಿ" ಅಂದರು.

೪. ಮೂರನೇ ಮಷೀನಿನ ಕಾಗದ

ಗಟ್ಟಿ ಇರಲಿಲ್ಲ. ಯೂನಿಕ್ಸೂ ಡಾಸೂ ನೆಟ್ಟಗೆ ಬರೋಕೆ ಶುರುವಾದದ್ದೇ ತಡ, ಮುದಲಾಳಿ "ಎರಡಾಯಿತಲ್ಲ, ಮೂರನೆಯದೂ ಆಗುತ್ತೆ" ಅಂತ ಅಕ್ಕನನ್ನ ಬಿಡಿಸೋದು ಅಂತ ತೀರ್ಮಾನ ಮಾಡಿದರು. ಬಿಡುಗಡೆ ಪತ್ರ ಸಿದ್ಧಮಾಡೋಕೆ ಮಗನಿಗೇ ಹೇಳಿದರು. ಅವನು ತನ್ನ ಮಷೀನಿನಲ್ಲೇ ಮಾಡಿದ, ಪ್ರಿಂಟ್ ಕೊಟ್ಟ, ಸ್ಕೂಟರ್ ಹತ್ತಿ ಹೋದ. ಸ್ವಿಚ್ ಹಾಕಲೇ ಇಲ್ಲ. ಕಾಗದ ಏರದೆ, ಇಡೀ ಪತ್ರ ಒಂದೇ ಸಾಲಿನ ಮೇಲೆ ಬಿದ್ದು ಕಪ್ಪು ಪಟ್ಟಿಯಾಗಿತ್ತು.

ಅಕ್ಕ ಅದನ್ನ ಹಿಡಿದು, "ಇದರಲ್ಲಿ ಏನಿದೆಯಪ್ಪಾ?" ಅಂದರು.

"ನಿಮ್ಮನ್ನ ಕೆಲಸದಿಂದ ಬಿಡಿಸಿದಾರೆ ಅಂತ, ಅಕ್ಕಾ."

"ಈ ಮಸಿ ತೋರಿಸಿದರೆ ಇನ್ನೊಬ್ಬರು ಕೆಲಸ ಕೊಡ್ತಾರಾ? ನೀನು ಓದು, ನಾನೇ ಹೊಡೀತೀನಿ."

ಪರದೆ ನೋಡಿಕೊಂಡು ನಾನು ಓದಿದೆ, ಅಕ್ಕ ಟೈಪ್ ಮಾಡಿದರು. "ಇನ್ನು ಮುಂದೆ ಇವರ ಸೇವೆ ಅಗತ್ಯವಿಲ್ಲ" ಅನ್ನೋ ಅರ್ಥದ ಇಂಗ್ಲಿಷ್ ಸಾಲು ಬಂತು. ಅಕ್ಕ ಬೆರಳು ನಿಲ್ಲಿಸಿ ಕೇಳಿದ್ದು ಇಷ್ಟೇ: "ಇಲ್ಲಿ ಕಾಮಾ ಬರುತ್ತಾ?"

ಅಷ್ಟರಲ್ಲಿ ಮುದಲಾಳಿ ಬಂದರು. ಕನ್ನಡಕ ಕಾರಿನಲ್ಲೇ ಬಿಟ್ಟಿದ್ದರು. ಕಾಗದವನ್ನ ತೋಳುದ್ದ ಹಿಡಿದು, "ಅಡಡಾ! ಮೂರನೇ ಮಷೀನೂ ಮುತ್ತು ಪೋಣಿಸಿದ ಹಾಗೆ ಹೊಡೆದಿದೆಯಲ್ಲಯ್ಯಾ!" ಅಂದರು.

"ಸಾರ್, ಅದು ಅಕ್ಕ..." ಅಂತ ನಾನು ಅನ್ನೋದರೊಳಗೆ ಸಹಿ ಬಿದ್ದಾಗಿತ್ತು.

ಮುದಲಾಳಿ ಆ ಕಾಗದವನ್ನ ಅಕ್ಕನ ಕೈಗೇ ಕೊಟ್ಟರು. "ಬೇಜಾರು ಮಾಡ್ಕೋಬೇಡಿಮ್ಮಾ. ನೀವೇ ನೋಡಿ, ಮಷೀನ್ ಇಷ್ಟು ಚೆನ್ನಾಗಿ ಮಾಡೋವಾಗ ಟೈಪಿಸ್ಟ್‌ಗೆ ಏನು ಕೆಲಸ ಹೇಳಿ?"

ಅಕ್ಕ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ ಹೇಳಿದರು:

"ನಿಜ ಸಾರ್. ಒಂದು ತಪ್ಪೂ ಇಲ್ಲ."